214 ಸೆಂಟಿಮಾರ್ಗನ್ ಎಂದರೆ ನಮ್ಮ ಕಡೆಯ ಲೆಕ್ಕದಲ್ಲಿ ಎಷ್ಟು ಹತ್ತಿರದ ನೆಂಟಸ್ತಿಕೆ?

ಹೊಲನಗದ್ದೆ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಕಡೆಯ ಹವ್ಯಕರ ಮನೆಯವಳು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಾಲ್ಕು ವರ್ಷಗಳಿಂದ ಅಂತರ್ಜಾಲದಲ್ಲಿ ನಮ್ಮ ಮನೆತನದ ವಂಶವೃಕ್ಷ ಕಟ್ಟುತ್ತಿದ್ದೇನೆ. ಅಪ್ಪನ ಕಡೆ, ಆಯಿಯ (ತಾಯಿಯ) ಕಡೆ ಸೇರಿ 340 ಹೆಸರುಗಳಾಗಿವೆ. ಕಳೆದ ದೀಪಾವಳಿಯ ಹೊತ್ತಿಗೆ ನನ್ನದೂ ಅಪ್ಪನದೂ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ಫಲಿತಾಂಶ ಬಂದಿದೆ. ಈಗ ಅದನ್ನು ವಂಶವೃಕ್ಷಕ್ಕೆ ಜೋಡಿಸುವಲ್ಲಿ ಕೈ ನಡುಗುತ್ತಿದೆ.

ವಿಷಯ ಇಷ್ಟು. ಅಜ್ಜನ ಕೊನೆಯ ತಮ್ಮ 1948ರ ಸುಮಾರಿಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಕಾರವಾರದಿಂದ ಸ್ಟೀಮರ್ ಹತ್ತಿ ಮುಂಬಯಿಗೆ ಹೋದವರು. ಗಿರಗಾಂವಿನ ಹೋಟೆಲೊಂದರಲ್ಲಿ ಅಡುಗೆ ಕೆಲಸ ಸಿಕ್ಕಿದೆ ಎಂದು ಒಂದು ಕಾಗದ ಬಂದಿತ್ತಂತೆ. ಆಮೇಲೆ ಸುದ್ದಿಯಿಲ್ಲ. ಅಜ್ಜ ಇರುವವರೆಗೂ ಚೌತಿಯ ದಿನ ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿಸುತ್ತಿದ್ದರು. ಅದಕ್ಕೆ ಬಡಿಸುತ್ತಿದ್ದರು ಕೂಡ.

ನನ್ನ ಮ್ಯಾಚ್ ಪಟ್ಟಿಯಲ್ಲಿ (ಡಿಎನ್‌ಎ ಹೊಂದುವವರ ಪಟ್ಟಿ) ಮುಂಬಯಿಯ ಒಬ್ಬ ಹೆಣ್ಣುಮಗಳು ಕಾಣಿಸಿಕೊಂಡಿದ್ದಾರೆ. ಹಂಚಿಕೊಂಡ ಡಿಎನ್‌ಎ 214 ಸೆಂಟಿಮಾರ್ಗನ್ (ಇಬ್ಬರ ಡಿಎನ್‌ಎ ಎಷ್ಟು ಹೊಂದುತ್ತದೆ ಎಂದು ಅಳೆಯುವ ಮಾನ). ತಾಣದವರು «ಸೆಕೆಂಡ್ ಕಸಿನ್ ಇರಬಹುದು» ಎಂದು ತೋರಿಸುತ್ತಿದ್ದಾರೆ. ಅಜ್ಜನ ತಮ್ಮನ ಮೊಮ್ಮಗಳು ನನಗೆ ಸರಿಯಾಗಿ ಅದೇ ಆಗಬೇಕಲ್ಲವೇ? ಅವರ ವೃಕ್ಷದಲ್ಲಿ ಐದೇ ಹೆಸರುಗಳಿವೆ, ನಾಲ್ಕು ಮುಚ್ಚಿಟ್ಟಿವೆ. ಮಸುಕು ಪೆನ್ಸಿಲಿನಲ್ಲಿ ಬರೆದ ಹಾಗೆ ಸದ್ಯಕ್ಕೆ ಚಿಕ್ಕಜ್ಜನ ಕೆಳಗೆ ಇವರನ್ನು ಜೋಡಿಸಿದ್ದೇನೆ. ಮಾಡಿದ್ದು ಸರಿಯೇ?

ಕಾಳಿ ದಂಡೆ

ಚೌತಿಯ ಎಲೆಯ ಸುದ್ದಿ ಓದಿ ಕಣ್ಣು ತುಂಬಿತು. ಜೋಡಿಸಿದ್ದು ಸರಿಯೇ ಇರಬೇಕು, ಅಂಕಿಯೂ ಹೊಂದುತ್ತದೆ, ಊರೂ ಹೊಂದುತ್ತದೆ.

ಜೀವಶಾಸ್ತ್ರದವಳು, ಸಿದ್ದಾಪುರ

ದಯವಿಟ್ಟು ಆ ಗೆರೆಯನ್ನು ಈಗಲೇ ಅಳಿಸಿ. ಅಂತರ್ಜಾಲದಲ್ಲಿ ಪೆನ್ಸಿಲ್ ಎಂಬುದು ಇಲ್ಲ. ನೀವು ಇಂದು ಊಹೆಯಿಂದ ಹಾಕಿದ ಗೆರೆಯನ್ನು ನಾಳೆ ಇನ್ನಿಬ್ಬರು ತಮ್ಮ ವೃಕ್ಷಕ್ಕೆ ನಕಲು ಮಾಡಿಕೊಳ್ಳುತ್ತಾರೆ. ಮುಂದಿನ ವರ್ಷ ಆ ಇಬ್ಬರ ವೃಕ್ಷವನ್ನೇ ಸಾಕ್ಷಿಯೆಂದು ತಾಣ ನಿಮಗೆ ತೋರಿಸುತ್ತದೆ.

ಒಂದು ಪ್ರಶ್ನೆ: ನಿಮ್ಮ ತಂದೆಯವರಿಗೂ ಅದೇ ಮ್ಯಾಚ್‌ಗೂ ಎಷ್ಟು? ಇವರು ನಿಮ್ಮ ಚಿಕ್ಕಜ್ಜನ ಮೊಮ್ಮಗಳೇ ಆಗಿದ್ದರೆ ನಿಮ್ಮ ತಂದೆಗೆ ಅವರು ಚಿಕ್ಕಪ್ಪನ ಮೊಮ್ಮಗಳು. ಆ ಸಂಬಂಧಕ್ಕೆ ಸರಾಸರಿ 430ರ ಆಸುಪಾಸು ಬರುತ್ತದೆ. ನಿಮಗೆ ಸಿಗುವುದು ಅದರ ಅರ್ಧದಷ್ಟು.

ಹೊಲನಗದ್ದೆ ಮೊಮ್ಮಗಳು

ಈಗ ತೆಗೆದು ನೋಡಿದೆ. ಅಪ್ಪನಿಗೆ 118. ನನಗಿಂತ ಕಡಿಮೆ! ಇದು ಹೇಗೆ ಸಾಧ್ಯ? ಪ್ರಯೋಗಾಲಯದಲ್ಲಿ ಅದಲುಬದಲಾಗಿದೆಯೇ?

ಅಡಿಕೆ ತೋಟಿಗ

ಅದಲುಬದಲಾಗಿದ್ದರೆ ನಿಮಗೂ ನಿಮ್ಮ ಅಪ್ಪನಿಗೂ ಅಪ್ಪ–ಮಗಳ ಅಂಕಿ ಬರುತ್ತಿರಲಿಲ್ಲ. ಸುಮಾರು 3,400ರಿಂದ 3,500 ಬಂದಿದೆಯೇ ನೋಡಿ.

ಹೊಲನಗದ್ದೆ ಮೊಮ್ಮಗಳು

ಹೌದು ಅಣ್ಣ, 3,460 ಇದೆ.

ಜೀವಶಾಸ್ತ್ರದವಳು, ಸಿದ್ದಾಪುರ

ಹಾಗಾದರೆ ಕಿಟ್ ಸರಿಯಾಗಿದೆ, ಊಹೆ ತಪ್ಪಾಗಿದೆ. ಮಗಳಿಗೆ ತಂದೆಯಿಂದ ಬರುವುದು ತಂದೆಯಲ್ಲಿರುವುದರ ಒಂದು ಪಾಲು ಮಾತ್ರ. ಆ ನೆಂಟಸ್ತಿಕೆ ತಂದೆಯೊಬ್ಬರ ಮೂಲಕವೇ ಬಂದಿದ್ದರೆ ಮಗಳ ಅಂಕಿ ತಂದೆಯದನ್ನು ದಾಟುವಂತಿಲ್ಲ. ನಿಮ್ಮದು ದಾಟಿದೆ. ಉಳಿದದ್ದು ನಿಮ್ಮ ಆಯಿಯಿಂದ ಬಂದಿರಬೇಕು. ಅಂದರೆ ಮುಂಬಯಿಯವರು ನಿಮ್ಮ ತಂದೆಗೂ ನೆಂಟರು, ಆಯಿಗೂ ನೆಂಟರು. ಎರಡು ಹಳ್ಳದ ನೀರು ಸೇರಿ ಒಂದು ಹೊಳೆಯಾಗಿ ನಿಮಗೆ ಕಾಣಿಸಿದೆ.

ಬನವಾಸಿ ದಾರಿ

ಅದು ಹೇಗೆ ಆಗುತ್ತದೆ? ಹವ್ಯಕರಲ್ಲಿ ಸಗೋತ್ರ ಮದುವೆ ಇಲ್ಲ. ತಂದೆಯ ಗೋತ್ರ ಬೇರೆ, ತಾಯಿಯ ಗೋತ್ರ ಬೇರೆ ಎಂದ ಮೇಲೆ ಒಬ್ಬರೇ ಇಬ್ಬರಿಗೂ ರಕ್ತಸಂಬಂಧಿಯಾಗುವ ಪ್ರಶ್ನೆಯೇ ಬರುವುದಿಲ್ಲ.

ನಿವೃತ್ತ ಮಾಸ್ತರು, ಹೊನ್ನಾವರ

ಗೋತ್ರ ಬೇರೆ ಎಂದ ಮಾತ್ರಕ್ಕೆ ರಕ್ತ ಬೇರೆ ಎಂದು ಯಾರು ಹೇಳಿದರು? ಗೋತ್ರ ಎಣಿಸುವುದು ಗಂಡು ಸಾಲನ್ನು ಮಾತ್ರ. ನಿಮ್ಮ ಸ್ವಂತ ಸೋದರತ್ತೆ ಮದುವೆಯಾದ ಕೂಡಲೇ ಗೋತ್ರ ಬದಲಾಯಿತು, ಅವರ ಮಗಳದು ಹುಟ್ಟಿನಿಂದಲೇ ಬೇರೆ ಗೋತ್ರ. ಆ ಹುಡುಗಿ ನಿಮ್ಮ ತಂದೆಯ ತಂಗಿಯ ಮಗಳಲ್ಲವೇ? ಸೋದರತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿಲ್ಲ! ಹವ್ಯಕರಿಗೆ ಇರುವುದೇ ಏಳು ಗೋತ್ರ. ಘಟ್ಟದ ಮೇಲೆ, ಕೆಳಗೆ, ಹೆಣ್ಣು ಕೊಟ್ಟು ತರುವ ಮನೆಗಳೂ ತಲೆಮಾರುಗಳಿಂದ ಅವೇ. ಐದಾರು ತಲೆಮಾರು ಹಿಂದಕ್ಕೆ ಹೋದರೆ ಎಲ್ಲರೂ ಒಂದಲ್ಲ ಒಂದು ಕಡೆ ಕೂಡುತ್ತಾರೆ.

ಇದು ಹವ್ಯಕರ ಮಾತಷ್ಟೇ ಅಲ್ಲ. ಒಳಗಿಂದೊಳಗೇ ಹೆಣ್ಣು ಕೊಟ್ಟು ತಂದ ಯಾವ ಸಮುದಾಯಕ್ಕೂ ಇದೇ ಲೆಕ್ಕ.

ಭಟ್ಕಳ ಬಂದರು

ಮಾಸ್ತರರ ಕೊನೆಯ ಮಾತಿಗೆ ನನ್ನ ಸಹಿಯೂ ಇರಲಿ. ನಾನು ನವಾಯತ, ಭಟ್ಕಳದ ಮುಸ್ಲಿಂ ಸಮುದಾಯದವನು. ನಮ್ಮ ಮನೆಯಲ್ಲಿ ಶಜರಾ (ವಂಶಾವಳಿ) ಬರೆದಿಟ್ಟಿದ್ದಾರೆ, ಆದರೂ ನನ್ನ ಮ್ಯಾಚ್ ಪಟ್ಟಿಯಲ್ಲಿ ಭಟ್ಕಳದ ಯಾರೇ ಬಂದರೂ «ಸೆಕೆಂಡ್ ಕಸಿನ್», «ಥರ್ಡ್ ಕಸಿನ್» ಎಂದೇ ತೋರಿಸುತ್ತದೆ. ಶಜರಾದಲ್ಲಿ ನೋಡಿದರೆ ಐದನೆಯ ತಲೆಮಾರಿನಲ್ಲಿ ಎಲ್ಲೋ ಸೇರುತ್ತಾರೆ, ಅದೂ ಮೂರು ಕಡೆಯಿಂದ. ಮೂರು ಕಡೆಯ ಚೂರುಗಳು ಕೂಡಿ ದೊಡ್ಡ ಅಂಕಿಯಾಗುತ್ತದೆ.

ನಾನು ಪೆಟ್ಟು ತಿಂದು ಕಲಿತ ಪಾಠ: ಒಟ್ಟು ಅಂಕಿಯನ್ನು ಆಮೇಲೆ ನೋಡಿ, ಮೊದಲು ಅತಿ ಉದ್ದದ ತುಣುಕನ್ನು, ಅಂದರೆ ಇಬ್ಬರಲ್ಲೂ ನಡುವೆ ಮುರಿಯದೆ ಹೊಂದುವ ಡಿಎನ್‌ಎ ಭಾಗವನ್ನು, ನೋಡಿ. 200 ಸೆಂಟಿಮಾರ್ಗನ್ ಇದ್ದು ಉದ್ದದ ತುಣುಕು 12–14 ಇದ್ದರೆ ಅದು ಹಳೆಯ ಕಾಲದ ಚೂರುಪಾರು ಸೇರಿದ್ದು. ಅದೇ 200ರಲ್ಲಿ 60ರ ತುಣುಕೊಂದು ಇದ್ದರೆ ಹತ್ತಿರದ ಅಜ್ಜ ಅಥವಾ ಅಜ್ಜಿ ಇದ್ದಾರೆ ಎಂದು ಧೈರ್ಯವಾಗಿ ಹುಡುಕಬಹುದು. ತಲೆಮಾರು ದಾಟಿದಂತೆ ತುಣುಕುಗಳು ಒಡೆಯುತ್ತವೆ, ಉದ್ದದ ತುಣುಕು ಬಹಳ ಕಾಲ ಉಳಿಯುವುದು ಕಷ್ಟ.

ಹೊಲನಗದ್ದೆ ಮೊಮ್ಮಗಳು

ಅಪ್ಪನದರಲ್ಲಿ ಅತಿ ಉದ್ದದ್ದು 13. ನನ್ನದರಲ್ಲಿ 58.

ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ. ಹಾಗಾದರೆ ಇವರು ಚಿಕ್ಕಜ್ಜನ ಕಡೆಯವರೇ ಅಲ್ಲ.

ಭಟ್ಕಳ ಬಂದರು

ಅಪ್ಪನ ಕಡೆಯಿಂದ ಬಂದದ್ದು ಹಳೆಯ ಚೂರು. 58 ಖಂಡಿತ ಆಯಿಯ ಕಡೆಯದು. ಬೇಸರ ಮಾಡಿಕೊಳ್ಳಬೇಡಿ ತಂಗಿ, ಆ ಕಡೆಯೂ ಯಾರೋ ಕಳೆದುಹೋದವರು ಇರಬೇಕು.

ಅಂಕೋಲೆಯವನು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಿಟ್ಟನ್ನು ವೃಕ್ಷದ ಯಾರ ಹೆಸರಿಗೆ ಜೋಡಿಸಿದ್ದೀರಿ ಎಂಬುದನ್ನೂ ಒಮ್ಮೆ ಪರೀಕ್ಷಿಸಿ. ನಾನು ಮಾಡಿದ ತಪ್ಪು ಯಾರಿಗೂ ಬೇಡ. ಅಪ್ಪನ ಕಿಟ್ಟನ್ನೂ ನನ್ನ ಖಾತೆಯಿಂದಲೇ ನೋಂದಾಯಿಸಿದ್ದೆ. ಜೋಡಿಸುವಾಗ ಪಟ್ಟಿಯಲ್ಲಿ ಮೊದಲು ಬಂದ ನನ್ನ ಹೆಸರನ್ನೇ ಒತ್ತಿಬಿಟ್ಟೆ. ಆಮೇಲೆ ಅಪ್ಪನ ತಂಗಿಯ ಪರೀಕ್ಷೆ ಬಂತು. ಅಪ್ಪನಿಗೂ ಅವರಿಗೂ ಒಡಹುಟ್ಟಿದವರ ಅಂಕಿ, 2,600ರ ಹತ್ತಿರ. ಆದರೆ ಕಿಟ್ ನನ್ನ ಹೆಸರಿನಲ್ಲಿದೆಯಲ್ಲ! ನನ್ನ ಸೋದರತ್ತೆ ನನಗೇ ಅಕ್ಕ ಎಂದು ಬಂತು. ಅದನ್ನು ನೋಡಿದ ನನ್ನ ತಮ್ಮ ಊರಿಗೆ ಫೋನ್ ಮಾಡಿ ಏನೇನೋ ಕೇಳಿದ. ಅಮ್ಮ ಎರಡು ದಿನ ಊಟ ಬಿಟ್ಟರು. ಜೋಡಣೆ ಸರಿಮಾಡಲು ಅರ್ಧ ನಿಮಿಷ ಸಾಕಾಯಿತು, ಅಮ್ಮನ ಮನಸ್ಸು ಸರಿಹೋಗಲು ತಿಂಗಳು ಬೇಕಾಯಿತು.

ಬನವಾಸಿ ದಾರಿ

ಮಾಸ್ತರರೇ, ಗೋತ್ರದ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪಿದೆ. ಆದರೆ ಅದೇ ಕಾರಣಕ್ಕೆ ನನಗೆ ಈ ಪರೀಕ್ಷೆಗಳ ಮೇಲೆಯೇ ನಂಬಿಕೆ ಬರುತ್ತಿಲ್ಲ. ನಮ್ಮ ಸಮಾಜದಲ್ಲಿ ಅಂಕಿಯೇ ಸುಳ್ಳು ಹೇಳುತ್ತದೆ ಎಂದಾದರೆ ಸಾವಿರಾರು ರೂಪಾಯಿ ಯಾಕೆ ಸುರಿಯಬೇಕು?

ಜೀವಶಾಸ್ತ್ರದವಳು, ಸಿದ್ದಾಪುರ

ಅಂಕಿ ಸುಳ್ಳು ಹೇಳುವುದಿಲ್ಲ. ಅಂಕಿಯ ಪಕ್ಕದಲ್ಲಿ ಬರೆಯುವ «ಸೆಕೆಂಡ್ ಕಸಿನ್» ಎಂಬ ಊಹೆ ತಪ್ಪುತ್ತದೆ, ಏಕೆಂದರೆ ತಂದೆ–ತಾಯಿ ಪರಸ್ಪರ ನೆಂಟರಲ್ಲ ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಸೆಕೆಂಡ್ ಕಸಿನ್‌ಗೆ ಸರಾಸರಿ 230ರಷ್ಟು, ಥರ್ಡ್ ಕಸಿನ್‌ಗೆ 73ರಷ್ಟು. ಆದರೆ ಸೆಕೆಂಡ್ ಕಸಿನ್ ಒಬ್ಬರಲ್ಲಿಯೇ 41ರಿಂದ 592ರವರೆಗೂ ಕಂಡಿದ್ದಾರೆ. ಸಂಬಂಧ ಹಲವು ಕಡೆಯಿಂದ ಕೂಡಿದರೆ ಅಂಕಿ ಇನ್ನೂ ಮೇಲೆ ಹೋಗುತ್ತದೆ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾದ ಎರಡು ಮನೆಗಳನ್ನು ತೆಗೆದುಕೊಳ್ಳಿ: ಆ ಮಕ್ಕಳು ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳಾದರೂ ಅರೆ ಒಡಹುಟ್ಟಿದವರಷ್ಟೇ, ಅಂದರೆ ಕಾಲು ಭಾಗ, ಡಿಎನ್‌ಎ ಹಂಚಿಕೊಂಡಿರುತ್ತಾರೆ.

ಇನ್ನೊಂದು ಮಾತು. «ಕಸಿನ್» ಎಂಬ ಪದವೇ ನಮಗೆ ಸಾಲದು. ದೊಡ್ಡಪ್ಪನ ಮಗಳು, ಚಿಕ್ಕಮ್ಮನ ಮಗಳು, ಸೋದರತ್ತೆಯ ಮಗಳು, ಮಾವನ ಮಗಳು ಎಂದು ನಾವು ಬಿಡಿಸಿ ಹೇಳುವಾಗಲೇ ಯಾವ ಸಾಲು ಎಂಬುದು ಗೊತ್ತಾಗುತ್ತದೆ. ವೃಕ್ಷದ ಟಿಪ್ಪಣಿಯಲ್ಲಿ ದಯವಿಟ್ಟು ನಮ್ಮ ಪದಗಳನ್ನೇ ಬರೆಯಿರಿ.

ಅಡಿಕೆ ತೋಟಿಗ

ತಂಗಿ, ಮುಂದಿನ ಹೆಜ್ಜೆ: ಆಯಿಯ ಪರೀಕ್ಷೆ ಮಾಡಿಸಿ. ಅಮ್ಮಮ್ಮ ಇದ್ದಾರೆಯೇ? ಇದ್ದರೆ ಅವರದ್ದೇ ಮೊದಲು. ಹಿರಿಯರು ಒಂದು ತಲೆಮಾರು ಮೇಲಿರುತ್ತಾರೆ, ತುಣುಕುಗಳು ಇನ್ನೂ ಒಡೆದಿರುವುದಿಲ್ಲ. ನಮ್ಮ ಅಪ್ಪಯ್ಯನದು ಮಾಡಿಸಬೇಕು ಎನ್ನುತ್ತಾ ಎರಡು ಮಳೆಗಾಲ ಕಳೆದೆ. ಮೂರನೆಯ ಮಳೆಗಾಲಕ್ಕೆ ಅವರೇ ಇರಲಿಲ್ಲ.

ಹೊಲನಗದ್ದೆ ಮೊಮ್ಮಗಳು

ಅಮ್ಮಮ್ಮ ಇದ್ದಾರೆ, 86 ವರ್ಷ, ಶಿರಸಿ ಹತ್ತಿರ ಮಾವನ ಮನೆಯಲ್ಲಿ. ಎರಡು ಕಿಟ್ ತರಿಸುತ್ತೇನೆ.

ಕಾಳಿ ದಂಡೆ

ವಯಸ್ಸಾದವರಿಗೆ ಉಗುಳು ತುಂಬಿಸುವ ನಳಿಕೆ ಬೇಡ, ಕೆನ್ನೆಯ ಒಳಗೆ ಉಜ್ಜುವ ಕಡ್ಡಿಯ ಕಿಟ್ ತೆಗೆದುಕೊಳ್ಳಿ. ಮೈಹೆರಿಟೇಜ್, ಫ್ಯಾಮಿಲಿಟ್ರೀಡಿಎನ್‌ಎ ಎರಡರಲ್ಲೂ ಕಡ್ಡಿಯೇ. ಬಾಯಿ ಒಣಗಿದ ನಮ್ಮ ದೊಡ್ಡಮ್ಮ ನಳಿಕೆ ತುಂಬಿಸಲು ಮುಕ್ಕಾಲು ಗಂಟೆ ಒದ್ದಾಡಿದರು.

ಮೊದಲು ನಾನು ಅವಸರದಲ್ಲಿ «ಜೋಡಿಸಿದ್ದು ಸರಿ» ಎಂದಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಯಲ್ಲಾಪುರದ ಸಿದ್ದಿ

ನನ್ನ ಅನುಭವ ಇದಕ್ಕೆ ತಿರುಗುಮುರುಗು. ನಿಮಗೆಲ್ಲ ವೃಕ್ಷ ಇದೆ, ಡಿಎನ್‌ಎ ಹೊಂದುತ್ತಿಲ್ಲ. ನಮಗೆ ಡಿಎನ್‌ಎ ಇದೆ, ವೃಕ್ಷ ಮುತ್ತಜ್ಜನ ಹೆಸರಿಗೆ ನಿಂತುಹೋಗುತ್ತದೆ. ಪೋರ್ಚುಗೀಸರ ಹಡಗುಗಳಲ್ಲಿ ಗೋವಾಕ್ಕೆ ತಂದವರ ಹೆಸರನ್ನು ಯಾರು ಬರೆದಿಟ್ಟರು? ಗೋವಾದಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದವರ ಹೆಸರಂತೂ ಯಾವ ಪುಸ್ತಕದಲ್ಲೂ ಇಲ್ಲ. 2011ರಲ್ಲಿ ವಿಜ್ಞಾನಿಗಳು ಭಾರತದ ಸಿದ್ದಿಗಳ ಡಿಎನ್‌ಎ ನೋಡಿ ನಮ್ಮ ಬೇರು ಆಫ್ರಿಕಾದ ಬಾಂಟು ಜನರಲ್ಲಿದೆ ಎಂದು ತೋರಿಸಿದರು. 2003ರಲ್ಲಿ ನಮಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಈ ಎರಡೂ ದೊಡ್ಡ ವಿಷಯಗಳೇ. ಆದರೆ ಅಜ್ಜಿಯ ಅಜ್ಜಿಯ ಹೆಸರು ಏನೆಂದು ಅವು ಯಾವುವೂ ಹೇಳುವುದಿಲ್ಲ.

ನನಗೆ ದೂರದ ದೇಶದ ಮೂವರು ಸಣ್ಣ ಸಣ್ಣ ತುಣುಕಿನ ಮ್ಯಾಚ್ ಬಂದಿದ್ದಾರೆ. ಎಂಟು, ಒಂಬತ್ತು ಸೆಂಟಿಮಾರ್ಗನ್. ಇದನ್ನು ವೃಕ್ಷಕ್ಕೆ ಜೋಡಿಸಲು ಆಗುವುದಿಲ್ಲ ಎಂದು ಗೊತ್ತಿದೆ. ಆದರೂ ಅಳಿಸಲು ಮನಸ್ಸು ಬರುತ್ತಿಲ್ಲ.

ಜೀವಶಾಸ್ತ್ರದವಳು, ಸಿದ್ದಾಪುರ

ಅಳಿಸಬೇಡಿ ಅಣ್ಣ. ಅಷ್ಟು ಸಣ್ಣ ತುಣುಕುಗಳಲ್ಲಿ ಕೆಲವು ಕಾಕತಾಳೀಯ ಹೊಂದಿಕೆಯೂ ಇರುತ್ತವೆ. ಆದರೆ ನಿಮ್ಮ ತಂದೆ ಅಥವಾ ತಾಯಿಯ ಪರೀಕ್ಷೆಯಲ್ಲಿಯೂ ಅದೇ ಜಾಗದಲ್ಲಿ ಅದೇ ತುಣುಕು ಕಂಡರೆ ಅದು ನಿಜವಾಗಿ ಬಂದದ್ದು ಎಂದು ಇಟ್ಟುಕೊಳ್ಳಬಹುದು. ಅವರ ಪರೀಕ್ಷೆ ಸಾಧ್ಯವೇ ನೋಡಿ.

ಯಲ್ಲಾಪುರದ ಸಿದ್ದಿ

ಅವ್ವನನ್ನು ಕೇಳುತ್ತೇನೆ. ಧನ್ಯವಾದ ಅಕ್ಕ.

ಅಡಿಕೆ ತೋಟಿಗ

ವೃಕ್ಷ ಕಟ್ಟುವವರಿಗೆ ನಮ್ಮ ಮನೆಯಲ್ಲಿ ಫಲ ಕೊಟ್ಟ ಒಂದು ಉಪಾಯ. ದಾಯಾದಿಗಳ ಪಟ್ಟಿ ಬೇಕಿದ್ದರೆ ಸೂತಕ ಯಾರ ಯಾರ ಮನೆಗೆ ಬರುತ್ತದೆ ಎಂದು ಕೇಳಿ. «ನಿಮ್ಮ ಸಂಬಂಧಿಕರು ಯಾರು?» ಎಂದರೆ ಹಿರಿಯರು ಇಡೀ ಸೀಮೆಯನ್ನೇ ಹೇಳುತ್ತಾರೆ. «ಯಾರು ತೀರಿಕೊಂಡರೆ ನಮಗೆ ಹತ್ತು ದಿನ, ಯಾರದಕ್ಕೆ ಮೂರು ದಿನ?» ಎಂದು ಕೇಳಿ ನೋಡಿ, ಗಂಡು ಸಾಲು ಏಳು ತಲೆಮಾರಿನವರೆಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಶ್ರಾದ್ಧ ಮಾಡಿಸುವ ಭಟ್ಟರಿಗಂತೂ ಮೂರು ತಲೆಮಾರು ಬಾಯಿಪಾಠ.

ಹೆಸರುಗಳಲ್ಲಿ ಮಾತ್ರ ಜಾಗ್ರತೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಗಣಪತಿ ಸುಬ್ರಾಯ, ಸುಬ್ರಾಯ ಗಣಪತಿ, ಮತ್ತೆ ಗಣಪತಿ ಸುಬ್ರಾಯ ಎಂದು ಮೂರು ಜನ ಬರುತ್ತಾರೆ. ಇಬ್ಬರು ಗಣಪತಿಯರನ್ನು ಒಬ್ಬರೆಂದು ತಿಳಿದರೆ ಎರಡು ತಲೆಮಾರೇ ಮಾಯವಾಗುತ್ತವೆ.

ನಿವೃತ್ತ ಮಾಸ್ತರು, ಹೊನ್ನಾವರ

ಗಂಡು ಸಾಲಿನದು ಅಷ್ಟೇ ಕಷ್ಟ. ಹೆಣ್ಣುಮಕ್ಕಳದು ಇನ್ನೂ ಹೆಚ್ಚು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೊಸ ಹೆಸರು ಇಡುತ್ತಿದ್ದರಲ್ಲ, ತವರಿನ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು. ಒಬ್ಬಳೇ ಹೆಣ್ಣುಮಗಳು ಎರಡು ವೃಕ್ಷಗಳಲ್ಲಿ ಇಬ್ಬರಾಗಿ ನಿಂತಿರುತ್ತಾಳೆ. ವೃಕ್ಷದಲ್ಲಿ ತವರಿನ ಹೆಸರನ್ನು ಮೊದಲು ಬರೆಯಿರಿ, ಮದುವೆಯ ನಂತರದ ಹೆಸರನ್ನು «ಇನ್ನೊಂದು ಹೆಸರು» ಎಂಬಲ್ಲಿ ಹಾಕಿ.

ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ ಸಿಕ್ಕರೆ ಬಿಡಬೇಡಿ. ನಾನು ಮುಖ್ಯಾಧ್ಯಾಪಕನಾಗಿದ್ದಾಗ ಅಂಥ ಒಂದನ್ನು ಬಿಸಿಲಿಗೆ ಹಾಕಿ ಹುಳು ಉದುರಿಸಿ, ಹಾಳೆ ಹಾಳೆಯ ನಡುವೆ ಬೇವಿನ ಎಲೆ ಇಟ್ಟಿದ್ದೆ. ಮಗುವಿನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ ಎಲ್ಲವೂ ಅದರಲ್ಲಿರುತ್ತದೆ. ಕೊನೆಯ ಅಂಕಣದಲ್ಲಿ ಶಾಲೆ ಬಿಟ್ಟ ಕಾರಣವೂ ಇರುತ್ತದೆ. «ಮುಂಬಯಿಗೆ ಹೋದನು» ಎಂಬುದನ್ನು ಎಷ್ಟು ಸಲ ಓದಿದ್ದೇನೋ! 1956ರ ನವೆಂಬರ್‌ವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇತ್ತು, ಓಡಿಹೋಗುವ ಹುಡುಗನಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರ.

ಅಂಕೋಲೆಯವನು

ಅಡ್ಡಹೆಸರಿನದೂ ಸೇರಿಸಿ ಮಾಸ್ತರೇ. ನಾಯಕ ಬೇರೆ, ನಾಯ್ಕ ಬೇರೆ. ಕನ್ನಡದಲ್ಲಿ ಬರೆದರೆ ನಮ್ಮ ಕಡೆಯ ಯಾರಿಗೂ ಗೊತ್ತಾಗುತ್ತದೆ. ರೋಮನ್ ಲಿಪಿಗೆ ಹೋದ ಕೂಡಲೇ ಎಲ್ಲವೂ ಕಲಸಿಹೋಗುತ್ತದೆ, ತಾಣ ನನಗೆ ಕಂಡಕಂಡವರನ್ನೆಲ್ಲ ಬಂಧುಗಳೆಂದು ಸೂಚಿಸುತ್ತದೆ.

ಕಾಳಿ ದಂಡೆ

ಊರಿನ ಹೆಸರಿಗೂ ಅದೇ ಗತಿ. ನಾವು ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರು. ನನ್ನ ಅಣ್ಣನ ಮಕ್ಕಳು ವೃಕ್ಷದಲ್ಲಿ ಅಜ್ಜನ ಜನ್ಮಸ್ಥಳ ಎಂದು ಪುನರ್ವಸತಿ ಕಾಲೊನಿಯ ಹೆಸರನ್ನು ಬರೆದಿದ್ದರು. ಅಜ್ಜ ಹುಟ್ಟಿದಾಗ ಆ ಕಾಲೊನಿಯೇ ಇರಲಿಲ್ಲ. ಬೇಲಿಯ ಒಳಗೆ ಹೋದ ಊರಿನ ಹೆಸರು, ಕೇರಿಯ ಹೆಸರು, ಮನೆಯ ಹೆಸರು, ಮೂರನ್ನೂ ಬರೆಯಿಸಿದೆ. ಬರೆಯದಿದ್ದರೆ ಆ ಊರು ನೆನಪಿನಲ್ಲಿಯೂ ಉಳಿಯುವುದಿಲ್ಲ.

ಬನವಾಸಿ ದಾರಿ

ಒಂದು ವ್ಯವಹಾರದ ಪ್ರಶ್ನೆ. ನಮ್ಮಲ್ಲಿ ಜಮೀನಿನ ಹಿಸ್ಸೆಯ ತಕರಾರು ನಡೆದಿದೆ. ಇಂಥ ತಾಣದ ಡಿಎನ್‌ಎ ಮ್ಯಾಚನ್ನು ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರಕ್ಕೆ ಆಧಾರವಾಗಿ ಕೊಡಬಹುದೇ?

ಕುಮಟಾ ವಕೀಲೆ

ಕೊಡಲು ಬರುವುದಿಲ್ಲ. ಕಂದಾಯ ಇಲಾಖೆಯ ವಂಶವೃಕ್ಷ ನಿಲ್ಲುವುದು ಅಫಿಡವಿಟ್ (ಪ್ರಮಾಣ ಮಾಡಿ ಕೊಟ್ಟ ಹೇಳಿಕೆ), ಮರಣ ದಾಖಲೆ, ಸ್ಥಳ ವಿಚಾರಣೆಯ ಮೇಲೆ. ಕಿಟ್ಟಿನಲ್ಲಿ ಯಾರ ಎಂಜಲು ಇತ್ತು ಎಂಬುದಕ್ಕೇ ಅಲ್ಲಿ ಸಾಕ್ಷಿ ಇಲ್ಲ. ನ್ಯಾಯಾಲಯ ಕೂಡ ಕೇಳಿದ ಕೂಡಲೇ ಡಿಎನ್‌ಎ ಪರೀಕ್ಷೆಗೆ ಆದೇಶ ಮಾಡುವುದಿಲ್ಲ. 1993ರಲ್ಲಿಯೇ ಸುಪ್ರೀಂ ಕೋರ್ಟ್ ರಕ್ತಪರೀಕ್ಷೆಯನ್ನು ವಾಡಿಕೆಯಂತೆ ಆದೇಶಿಸಬಾರದು ಎಂದು ಹೇಳಿತು. ದಾಂಪತ್ಯದಲ್ಲಿ ಹುಟ್ಟಿದ ಮಗು ಆ ದಂಪತಿಯದೇ ಎಂದು ಕಾನೂನು ಹಿಡಿಯುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 112ನೆಯ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116. ದತ್ತು ಮಗನಿಗೂ ಹಕ್ಕಿದೆ, ಅವನ ಡಿಎನ್‌ಎ ಹೊಂದಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಸಮಪಾಲಿದೆ, ಹಿಸ್ಸೆ ಮಾಡುವಾಗ ಅದನ್ನು ಮರೆಯಬೇಡಿ.

ಬನವಾಸಿ ದಾರಿ

ದತ್ತಿನ ಮಾತು ಬಂದದ್ದು ಒಳ್ಳೆಯದಾಯಿತು. ನಿಜ ಹೇಳಬೇಕೆಂದರೆ ನನ್ನ ಹಿಂಜರಿಕೆಯ ಮೂಲ ಅದೇ. ನಮ್ಮ ಅಜ್ಜ ತಮ್ಮ ದತ್ತುತಂದೆಯ ಅಕ್ಕನ ಮನೆಯಿಂದ ದತ್ತು ಬಂದವರು. ಊರಿಗೆಲ್ಲ ಗೊತ್ತು, ಆದರೆ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ನಾನು ಪರೀಕ್ಷೆ ಮಾಡಿಸಿದರೆ ದಾಯಾದಿಗಳೊಂದಿಗೆ ಗಂಡು ಸಾಲಿನ ವೈ ವರ್ಣತಂತು ಹೊಂದುವುದಿಲ್ಲ. ಅದನ್ನು ಜಗತ್ತೆಲ್ಲ ನೋಡುವ ಕಡೆ ಹಾಕಿ, ತೀರಿಹೋದ ಅಜ್ಜನನ್ನು ಮತ್ತೆ ಮನೆಯಿಂದ ಹೊರಗೆ ಹಾಕಲೇ?

ಅಂಕೋಲೆಯವನು

ಇದ್ದದ್ದನ್ನು ಇದ್ದಂತೆ ಬರೆಯುವುದೇ ಸರಿ. ವೃಕ್ಷದಲ್ಲಿ ಸುಳ್ಳು ಇರಬಾರದು.

ಕುಮಟಾ ವಕೀಲೆ

ಯಾರ ಸತ್ಯ ಎಂಬ ಪ್ರಶ್ನೆಯೂ ಇದೆ. ಬದುಕಿರುವವರ ಒಪ್ಪಿಗೆ ಇಲ್ಲದೆ ಅವರ ಹೆಸರು, ಕಿಟ್ಟು, ಜೋಡಣೆ ಯಾವುದನ್ನೂ ಬಹಿರಂಗ ಮಾಡಬೇಡಿ. ಈ ದತ್ತಾಂಶ ಮನೆಯೊಳಗೇ ಉಳಿಯುತ್ತದೆ ಎಂದು ಯಾರೂ ಭಾವಿಸಬಾರದು. 2018ರಲ್ಲಿ ಅಮೆರಿಕದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನನ್ನು ಹಿಡಿದದ್ದು ಜೆಡ್‌ಮ್ಯಾಚ್‌ನಲ್ಲಿ (ಡಿಎನ್‌ಎ ಕಡತಗಳನ್ನು ಹೋಲಿಸಿ ನೋಡುವ ತಾಣ) ಅವನ ದೂರದ ನೆಂಟರು ಹಾಕಿದ್ದ ಡಿಎನ್‌ಎಯಿಂದ. 2023ರಲ್ಲಿ ಟ್ವೆಂಟಿತ್ರೀ‌ಅಂಡ್‌ಮೀ ಎಂಬ ಡಿಎನ್‌ಎ ಪರೀಕ್ಷೆಯ ಕಂಪನಿಯ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಬ್ಬರು ಕೊಟ್ಟರೆ ಇಡೀ ಕುಲದ್ದನ್ನೂ ಕೊಟ್ಟ ಹಾಗೆ.

ಜೀವಶಾಸ್ತ್ರದವಳು, ಸಿದ್ದಾಪುರ

ಬನವಾಸಿಯವರೇ, ಅಜ್ಜನನ್ನು ಹೊರಗೆ ಹಾಕಬೇಕಾಗಿಲ್ಲ. ವೃಕ್ಷದ ತಂತ್ರಾಂಶಗಳಲ್ಲಿ ಒಬ್ಬ ವ್ಯಕ್ತಿಗೆ ಎರಡು ಜೊತೆ ತಂದೆ–ತಾಯಿಯರನ್ನು ತೋರಿಸಬಹುದು. ದತ್ತು ಎಂದು ಗುರುತು ಹಾಕಿದರೆ ಎರಡೂ ಮನೆ ಉಳಿಯುತ್ತವೆ. ಜೆಡ್‌ಕಾಮ್ ಎಂಬ, ವೃಕ್ಷವನ್ನು ಒಂದು ತಾಣದಿಂದ ಇನ್ನೊಂದಕ್ಕೆ ಒಯ್ಯುವ ಕಡತದಲ್ಲಿಯೂ ಅದಕ್ಕೆ ಜಾಗವಿದೆ. ಮನೆಯ ಹಿರಿಯರು ಬೇಡ ಎಂದರೆ ಆ ಭಾಗವನ್ನು ನಿಮ್ಮ ಕಂಪ್ಯೂಟರಿನಲ್ಲಷ್ಟೇ ಇಟ್ಟುಕೊಳ್ಳಿ.

ಬನವಾಸಿ ದಾರಿ

ಎರಡು ಜೊತೆ ತಂದೆ–ತಾಯಿ ತೋರಿಸಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪಯ್ಯನೊಂದಿಗೆ ಮಾತನಾಡುತ್ತೇನೆ.

ಹೊಲನಗದ್ದೆ ಮೊಮ್ಮಗಳು (ಮೂರು ತಿಂಗಳ ನಂತರ)

ಎಲ್ಲರೂ ಇದ್ದೀರಾ? ಫಲಿತಾಂಶ ಬಂತು.

ಮೊದಲು ಅಮ್ಮಮ್ಮನ ಕೆನ್ನೆ ಉಜ್ಜಿದ ದಿನದ ಸುದ್ದಿ. ಕಡ್ಡಿ ಹಾಕುವ ಮೊದಲು ಒಂದು ತಾಸು ಬಾಯಿಗೆ ಏನೂ ಹಾಕಬಾರದಲ್ಲ. ಅಮ್ಮಮ್ಮನ ಕವಳ (ಎಲೆಯಡಿಕೆ) ನಿಲ್ಲಿಸುವುದು ಸಣ್ಣ ಮಾತೇ? ಬೆಳಿಗ್ಗೆ ಐದಕ್ಕೆ ಎದ್ದು, ಅವರು ಕವಳದ ಸಂಚಿ ಬಿಚ್ಚುವ ಮೊದಲೇ ನಾನು ಪಕ್ಕದಲ್ಲಿ ಕುಳಿತೆ. ಮೂರು ಸಲ ಬಾಯಿ ಮುಕ್ಕಳಿಸಿದರು, ಆದರೂ ಕಡ್ಡಿಯ ತುದಿ ತುಸು ಕೆಂಪಾಗಿಯೇ ಬಂತು. ಮತ್ತೆ ಮುಕ್ಕಳಿಸಿ, ಕಾದು, ಎರಡನೆಯ ಕಡ್ಡಿಯಿಂದ ಇನ್ನೊಂದು ಕೆನ್ನೆ ಉಜ್ಜಿದೆ. ಅಷ್ಟು ಹೊತ್ತೂ ಸಂಚಿ ಅವರ ಮಡಿಲಿನಲ್ಲಿಯೇ ಇತ್ತು, ಬೆರಳುಗಳು ಒಳಗಿನ ಎಲೆಯ ತೊಟ್ಟು ಮುರಿಯುತ್ತಲೇ ಇದ್ದವು.

ಮುಂಬಯಿಯವರೊಂದಿಗೆ ಆಯಿಗೆ 342, ಅಮ್ಮಮ್ಮನಿಗೆ 705. ಅಮ್ಮಮ್ಮನ ಉದ್ದದ ತುಣುಕು 71.

ಜೀವಶಾಸ್ತ್ರದವಳು, ಸಿದ್ದಾಪುರ

705! ಅಮ್ಮಮ್ಮನ ಒಡಹುಟ್ಟಿದವರ ಮೊಮ್ಮಗಳು ಇರಬೇಕು. ಆ ಸಂಬಂಧಕ್ಕೆ ಸರಾಸರಿ 850, ಆದರೆ 330ರಿಂದ ಮೇಲಕ್ಕೆ ಎಲ್ಲವೂ ಕಂಡಿದೆ. ಅಮ್ಮಮ್ಮನಿಗೆ ಅಕ್ಕತಂಗಿಯರು ಎಷ್ಟು ಮಂದಿ?

ಹೊಲನಗದ್ದೆ ಮೊಮ್ಮಗಳು

ನನ್ನ ವೃಕ್ಷದಲ್ಲಿ ಇಬ್ಬರು ಅಣ್ಣಂದಿರು ಮಾತ್ರ ಇದ್ದರು. ಅಂಕಿ ತೋರಿಸಿ ಕೇಳಿದೆ. ಅಮ್ಮಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: ಒಬ್ಬಳು ಅಕ್ಕ ಇದ್ದಳು. ಹದಿನೈದಕ್ಕೆ ಮದುವೆ, ಹದಿನೇಳಕ್ಕೆ ವಿಧವೆ. ತವರಿಗೆ ಕರೆತಂದರು. ಮುಂದೆ ಊರಿಗೆ ಬಂದಿದ್ದ ಮಾಸ್ತರರೊಬ್ಬರನ್ನು ಮರುಮದುವೆಯಾಗಿ ಮುಂಬಯಿಗೆ ಹೋದಳು. ಅವಳ ಅಪ್ಪ ಬಾವಿಕಟ್ಟೆಯ ಮೇಲೆ ನಿಂತು ಇನ್ನು ಅವಳ ಹೆಸರು ಈ ಮನೆಯಲ್ಲಿ ಬೇಡ ಎಂದರಂತೆ. ನಿಜವಾಗಿಯೂ ಅರವತ್ತೆಂಟು ವರ್ಷ ಆ ಹೆಸರು ಆ ಮನೆಯಲ್ಲಿ ಬರಲಿಲ್ಲ. ಆಯಿಗೂ ಗೊತ್ತಿರಲಿಲ್ಲ.

ಮುಂಬಯಿಯ ಹೆಣ್ಣುಮಗಳಿಗೆ ತಾಣದ ಮೂಲಕ ಬರೆದೆ. ಮೊದಲ ಕಾಗದದಲ್ಲಿ ಯಾರ ಕಥೆಯನ್ನೂ ಹೇಳಲಿಲ್ಲ, ನಿಮ್ಮ ಅಜ್ಜಿಯ ತವರು ಯಾವುದು ಎಂದು ಮಾತ್ರ ಕೇಳಿದೆ. ಹೆಸರು ಹೊಂದಲಿಲ್ಲ. ಮಾಸ್ತರರು ಹೇಳಿದ್ದು ನೆನಪಾಯಿತು. ಮದುವೆಯ ಮೊದಲಿನ ಹೆಸರು ಗೊತ್ತೇ ಎಂದು ಮತ್ತೆ ಬರೆದೆ. ಅವರು ಅಜ್ಜಿಯ ಟ್ರಂಕಿನಲ್ಲಿದ್ದ ಕಂಚಿನ ತಂಬಿಗೆಯ ಚಿತ್ರ ಕಳುಹಿಸಿದರು. ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ಕನ್ನಡ ಅಕ್ಷರ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಮ್ಮಮ್ಮನ ಅಕ್ಕನ ತವರಿನ ಹೆಸರು, ಅದರ ಕೆಳಗೆ ನಮ್ಮ ಅಜ್ಜನಮನೆಯ ಹೆಸರು.

ನಿವೃತ್ತ ಮಾಸ್ತರು, ಹೊನ್ನಾವರ

ಮಗಳೇ, ಎರಡು ಸಲ ಓದಿದೆ.

ಭಟ್ಕಳ ಬಂದರು

ಅಜ್ಜಿ ಈಗ ಇದ್ದಾರೆಯೇ?

ಹೊಲನಗದ್ದೆ ಮೊಮ್ಮಗಳು

ಇಲ್ಲ ಅಣ್ಣ, ಒಂಬತ್ತು ವರ್ಷವಾಯಿತಂತೆ. ಮೊನ್ನೆ ಮೊಮ್ಮಗಳೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡಿಸಿದೆ. ಒಬ್ಬರಿಗೆ ಮರಾಠಿ, ಇನ್ನೊಬ್ಬರಿಗೆ ಕನ್ನಡ, ನಡುವೆ ನಾನು. ಅಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಅಜ್ಜಿ ಕವಳ ಹಾಕುತ್ತಿದ್ದಳೇ? ಹಾಕುತ್ತಿದ್ದರಂತೆ, ಕೊನೆಯವರೆಗೂ.

ಎರಡೂ ಕಡೆಯ ಒಪ್ಪಿಗೆ ಪಡೆದು ಅಮ್ಮಮ್ಮನ ಅಕ್ಕನನ್ನು ತವರಿನ ಹೆಸರಿನಲ್ಲಿಯೇ ವೃಕ್ಷಕ್ಕೆ ಸೇರಿಸಿದೆ, ನಾಲ್ಕು ಕಿಟ್‌ಗಳನ್ನೂ ಸರಿಯಾದ ಹೆಸರುಗಳಿಗೆ ಜೋಡಿಸಿದೆ. ಚಿಕ್ಕಜ್ಜನ ಕೆಳಗೆ ಹಾಕಿದ್ದ ಗೆರೆಯನ್ನು ಅಂದೇ ಅಳಿಸಿದ್ದೆ. ಅವರ ಕೆಳಗೆ ಈಗ ಯಾರೂ ಇಲ್ಲ. ಅಪ್ಪನ 118 ಯಾವ ಹಳೆಯ ಮದುವೆಯಿಂದ ಬಂದದ್ದು ಎಂದೂ ಗೊತ್ತಾಗಿಲ್ಲ.

ಅಡಿಕೆ ತೋಟಿಗ

ಚಿಕ್ಕಜ್ಜನಿಗಾಗಿ ಅಪ್ಪನ ಕಿಟ್ಟನ್ನು ಇನ್ನೆರಡು ಕಡೆಯೂ ಹಾಕಿಡಿ ತಂಗಿ, ಒಪ್ಪಿಗೆ ಕೇಳಿಕೊಂಡು. ಕಚ್ಚಾ ಕಡತ ಇಳಿಸಿಕೊಂಡರೆ ಜೆಡ್‌ಮ್ಯಾಚ್ ತೆಗೆದುಕೊಳ್ಳುತ್ತದೆ. ಆನ್ಸೆಸ್ಟ್ರಿ ತಾಣ ಹೊರಗಿನ ಕಡತ ತೆಗೆದುಕೊಳ್ಳುವುದಿಲ್ಲ. ಅಪ್ಪನ ಅಣ್ಣತಮ್ಮಂದಿರು ಇದ್ದರೆ ಅವರದ್ದೂ ಮಾಡಿಸಿ, ಅಪ್ಪನಿಗೆ ಬಾರದ ತುಣುಕು ಅವರಿಗೆ ಬಂದಿರಬಹುದು.

ಹೊಲನಗದ್ದೆ ಮೊಮ್ಮಗಳು

ದೊಡ್ಡಪ್ಪ ಒಪ್ಪಿದ್ದಾರೆ. ಚೌತಿಗೆ ಊರಿಗೆ ಹೋಗುವಾಗ ಕಿಟ್ ಒಯ್ಯುತ್ತೇನೆ. ಒಂದು ಎಲೆ ಹೆಚ್ಚು ಹಾಕಲು ಅಪ್ಪನಿಗೆ ಹೇಳಿದ್ದೇನೆ.

ಯಲ್ಲಾಪುರದ ಸಿದ್ದಿ

ಅವ್ವನ ಕಿಟ್ ಇವತ್ತು ಕಳುಹಿಸಿದೆ.